ಕಡಲಾಚೆಯ ಕನ್ನಡ

ಊರು ಬಿಟ್ಟು ದೂರದ ದೇಶಕ್ಕೆ ಹೋಗಿ ನೆಲೆಸುವವರು ತಮ್ಮೊಡನೆ ಏನನ್ನು ಒಯ್ಯಬಲ್ಲರು? ಹೊಲವನ್ನು ಒಯ್ಯುವಂತಿಲ್ಲ, ಕೆರೆಯನ್ನು ಒಯ್ಯುವಂತಿಲ್ಲ, ನೆರೆಹೊರೆಯನ್ನಂತೂ ಒಯ್ಯುವಂತೆಯೇ ಇಲ್ಲ. ನಾಲಗೆಯ ಮೇಲಿರುವ ಮಾತು, ಕಿವಿಯಲ್ಲಿ ಉಳಿದ ಹಾಡು, ಇವೆರಡಕ್ಕೆ ಮಾತ್ರ ಸುಂಕವಿಲ್ಲ, ತೂಕವೂ ಇಲ್ಲ. ಹಾಗೆ ಹೊತ್ತೊಯ್ದ ಕನ್ನಡ ಪರದೇಶದಲ್ಲಿ ಸಾಹಿತ್ಯವಾಗಿ, ಸಂಗೀತವಾಗಿ ಹೇಗೆ ಬಾಳಿದೆ ಎಂಬುದನ್ನು ಈ ಹೊತ್ತಿನ ಮಾತಿನಲ್ಲಿ ವಿಚಾರ ಮಾಡಬೇಕೆಂದಿದ್ದೇನೆ.

ಕುಮುದ್ವತಿಗೆ ಅಡ್ಡಲಾಗಿ ಅಂಜನಾಪುರದ ಅಣೆಕಟ್ಟು ನಿಂತಿರುವ ನಮ್ಮ ಶಿಕಾರಿಪುರ ಸೀಮೆಯಿಂದಲೇ ಈ ವಿಚಾರವನ್ನು ಆರಂಭಿಸುವುದು ಉಚಿತ. ಇದು ಅಭಿಮಾನದ ಮಾತಲ್ಲ, ಕಾರಣವಿರುವ ಮಾತು. ಬಳ್ಳಿಗಾವಿಯ ಕೋಡಿಯಮಠವನ್ನು ವರ್ಣಿಸುವ 12ನೆಯ ಶತಮಾನದ ಶಾಸನವನ್ನು ಓದಿದವರಿಗೆ ಅದು ಪರದೇಶಿಗಳಿಗೆ, ದೀನರಿಗೆ, ನಾನಾ ಮತದ ಭಿಕ್ಷುಗಳಿಗೆ ಅನ್ನವಿಕ್ಕಿದ ವಿದ್ಯಾಸ್ಥಾನವೆಂಬುದು ತಿಳಿದಿದೆ. ಅದೇ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಅದರ ನೆರೆಯ ಉಡುತಡಿ ಅಕ್ಕಮಹಾದೇವಿಯ ಊರು. ಇಬ್ಬರೂ ಹುಟ್ಟಿದ ಊರಿನಲ್ಲಿ ನಿಂತವರಲ್ಲ. ಕಲ್ಯಾಣಕ್ಕೆ ನಡೆದರು, ಅಲ್ಲಿಂದ ಶ್ರೀಶೈಲಕ್ಕೆ ನಡೆದರು. ಎಂಟು ಶತಮಾನಗಳ ತರುವಾಯ ಅವರ ವಚನಗಳು ಇನ್ನೂ ದೂರ ನಡೆದವು. ಶಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ನರು 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಇಂಗ್ಲಿಷ್ ಅನುವಾದ ಸಂಕಲನವನ್ನು ಪ್ರಕಟಿಸಿದರು. ಅದರಲ್ಲಿರುವ ವಚನಕಾರರು ನಾಲ್ವರು: ಬಸವಣ್ಣ, ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮ. ನಾಲ್ವರಲ್ಲಿ ಇಬ್ಬರು ಒಂದೇ ತಾಲ್ಲೂಕಿನವರು. ಕನ್ನಡವೆಂಬ ಭಾಷೆಯ ಹೆಸರನ್ನೇ ಕೇಳದಿದ್ದ ಓದುಗರು ಆ ಪುಸ್ತಕದಿಂದ ಅಕ್ಕನನ್ನು ಬಲ್ಲವರಾದರು.

ರಾಮಾನುಜನ್ನರನ್ನು ಕುರಿತು ಇನ್ನೊಂದು ಮಾತನ್ನು ಹೇಳಲೇಬೇಕು. ಅವರ ಮನೆಮಾತು ತಮಿಳು, ಬೆಳೆದ ಊರು ಮೈಸೂರು, ದುಡಿದ ಊರು ಶಿಕಾಗೊ. ‘ಹೊಕ್ಕುಳಲ್ಲಿ ಹೂವಿಲ್ಲ’ ಎಂಬ ಅವರ ಕನ್ನಡ ಕವನಸಂಗ್ರಹ 1969ರಲ್ಲಿ ಬಂತು, ‘ಮತ್ತು ಇತರ ಪದ್ಯಗಳು’ 1977ರಲ್ಲಿ. ಅವರು 1993ರಲ್ಲಿ ತೀರಿಕೊಂಡದ್ದೂ ಶಿಕಾಗೊದಲ್ಲಿಯೇ. ನಮ್ಮ ನವ್ಯಕಾವ್ಯದ ಒಂದು ಮುಖ್ಯ ಭಾಗ ಮಿಚಿಗನ್ ಸರೋವರದ ದಂಡೆಯಲ್ಲಿ ಬರೆದದ್ದು ಎಂಬುದನ್ನು ಪಠ್ಯಪುಸ್ತಕಗಳು ಒತ್ತಿ ಹೇಳುವುದಿಲ್ಲ. ಹೇಳಬೇಕಾಗಿತ್ತು.

ಇಲ್ಲಿ ಒಂದು ಭೇದವನ್ನು ಗುರುತಿಸಿಕೊಳ್ಳುವುದು ಒಳ್ಳೆಯದು. ಪರದೇಶವನ್ನು ನೋಡಿಬಂದವರ ಸಾಹಿತ್ಯ ಬೇರೆ, ಅಲ್ಲಿ ನಿಂತವರ ಸಾಹಿತ್ಯ ಬೇರೆ. ಮೊದಲನೆಯದು ನಮ್ಮಲ್ಲಿ ಸಮೃದ್ಧವಾಗಿದೆ. ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಶಿವರುದ್ರಪ್ಪನವರು ‘ಇಂಗ್ಲೆಂಡಿನಲ್ಲಿ ಚತುರ್ಮಾಸ’ ಬರೆದರು. ಇವು ಸೊಗಸಾದ ಬರಹಗಳು. ಆದರೆ ಪ್ರವಾಸಿಯ ಜೇಬಿನಲ್ಲಿ ಹಿಂದಿರುಗುವ ಟಿಕೆಟ್ಟು ಇರುತ್ತದೆ. ಅಚ್ಚರಿಪಡುವುದು ಅವನ ಕೆಲಸ. ನೆಲೆಸಿದವನಿಗೆ ಅಚ್ಚರಿ ಮೊದಲ ವರ್ಷದಲ್ಲಿಯೇ ತೀರಿಹೋಗುತ್ತದೆ. ಆಮೇಲೆ ಉಳಿಯುವುದು ಮಗ ಯಾವ ಭಾಷೆಯಲ್ಲಿ ಅಳುತ್ತಾನೆ ಎಂಬ ಚಿಂತೆ.

ನಿಂತವರ ಸಾಹಿತ್ಯಕ್ಕೆ ಕಡಲು ದಾಟಬೇಕಾದ ಅಗತ್ಯವೂ ಇರಲಿಲ್ಲ. ಮುಂಬಯಿಯಲ್ಲಿ ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದವು. ಯಶವಂತ ಚಿತ್ತಾಲರು ಹನೇಹಳ್ಳಿಯನ್ನು ಎದೆಯಲ್ಲಿಟ್ಟುಕೊಂಡು ಮುಂಬಯಿಯಲ್ಲಿ ಬರೆದರು. ವ್ಯಾಸರಾಯ ಬಲ್ಲಾಳರು ಆ ನಗರದ ದುಡಿಮೆಗಾರರ ಬದುಕನ್ನೇ ಕಾದಂಬರಿಯಾಗಿಸಿದರು. ಆದರೆ ಮುಂಬಯಿಯಿಂದ ರಾತ್ರಿ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಕನ್ನಡ ಕಿವಿಗೆ ಬೀಳುತ್ತದೆ. ಅಮೆರಿಕದಲ್ಲಿ ಹಾಗಲ್ಲ.

ಅಲ್ಲಿಯ ಕತೆಯಲ್ಲಿ ನಮ್ಮ ಊರಿನವರೊಬ್ಬರು ಮತ್ತೆ ಎದುರಾಗುತ್ತಾರೆ. ಶಿಕಾರಿಪುರ ಹರಿಹರೇಶ್ವರ ಅವರು ವೃತ್ತಿಯಿಂದ ಎಂಜಿನಿಯರು. ಪತ್ನಿ ನಾಗಲಕ್ಷ್ಮಿ ಅವರೊಡನೆ ಕೂಡಿ 1980ರ ದಶಕದಲ್ಲಿ ಅಮೆರಿಕದಿಂದ ‘ಅಮೆರಿಕನ್ನಡ’ ಎಂಬ ದ್ವೈಮಾಸಿಕವನ್ನು ಹೊರಡಿಸಿದರು. ಹೆಸರಿನಲ್ಲಿಯೇ ಎರಡು ನಾಡುಗಳ ಸಂಧಿಕಾರ್ಯ ನಡೆದುಹೋಗಿದೆ. ವ್ಯಾಕರಣ ಪಾಠ ಮಾಡಿದವನಾದ ನನಗೆ ಅದೊಂದು ಸಂತೋಷ. ಆ ಕಾಲವನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಗಣಕಯಂತ್ರದಲ್ಲಿ ಕನ್ನಡ ಅಕ್ಷರ ಮನೆಮನೆಗೆ ಬಂದಿರಲಿಲ್ಲ. ಕನ್ನಡ ಅಚ್ಚುಮೊಳೆ ಬೀದಿಯ ಮೂಲೆಯ ಮುದ್ರಣಾಲಯದಲ್ಲಿ ಸಿಗುವ ದೇಶ ಅದಲ್ಲ. ಓದುಗರೋ, ಒಂದು ಊರಿನಲ್ಲಿ ಹತ್ತು ಮನೆ, ಸಾವಿರ ಮೈಲಿ ಆಚೆ ಇನ್ನು ಹತ್ತು ಮನೆ. ಲೇಖನಗಳಿಗಾಗಿ ಬೆನ್ನು ಹತ್ತಬೇಕು, ತಿದ್ದಬೇಕು, ಲಕೋಟೆಗೆ ಅಂಟು ಹಚ್ಚಿ ಅಂಚೆಗೆ ಹಾಕಬೇಕು. ಇದೆಲ್ಲವೂ ಕಚೇರಿಯ ಕೆಲಸ ಮುಗಿದ ಮೇಲೆ. ಇಂತಹ ಪತ್ರಿಕೆಯಿಂದ ಹಣ ಬರುವುದಿಲ್ಲ, ಹೋಗುತ್ತದೆ.

ಹೀಗಿದ್ದೂ ಅದೇಕೆ ಬೇಕಾಗಿತ್ತು? ಊರಿನಿಂದ ಹಡಗಿನಂಚೆಯಲ್ಲಿ ಬರುವ ವಾರಪತ್ರಿಕೆಗಳು ಸಾಲದೆ? ಸಾಲದು, ಎಂಬುದೇ ನನ್ನ ಉತ್ತರ. ಬೆಂಗಳೂರಿನ ಪತ್ರಿಕೆ ಹೊರನಾಡಿನವನನ್ನು ಓದುಗನನ್ನಾಗಿ ಮಾತ್ರ ಉಳಿಸಿಕೊಳ್ಳುತ್ತದೆ. ತನ್ನ ನಡುವೆಯೇ ಹುಟ್ಟಿದ ಪತ್ರಿಕೆ ಅವನನ್ನು ಬರೆಹಗಾರನನ್ನಾಗಿ ಮಾಡುತ್ತದೆ. ಹಿಮ ಸುರಿಯುವ ಬೆಳಗ್ಗೆ ಕಾರಿನ ಗಾಜು ಕೆರೆಯುತ್ತ ಹೊಳೆದ ಸಾಲನ್ನು ಕನ್ನಡದಲ್ಲಿಯೇ ಬರೆಯಬಹುದು, ಓದುವವರು ಇದ್ದಾರೆ ಎಂಬ ಧೈರ್ಯ ಅಲ್ಪವಾದುದಲ್ಲ. ಹರಿಹರೇಶ್ವರರು ಕೊನೆಯ ವರ್ಷಗಳಲ್ಲಿ ಮೈಸೂರಿಗೆ ಮರಳಿದರು, 2010ರಲ್ಲಿ ತೀರಿಕೊಂಡರು. ಅವರ ಹೆಸರಿನ ಮುಂದೆ ಶಿಕಾರಿಪುರ ಕೊನೆಯವರೆಗೂ ಇತ್ತು.

ಈ ಪಾಡು ನಮ್ಮದೊಂದೇ ಅಲ್ಲ. ಆಫ್ರಿಕದ ಪೂರ್ವದ ಕೊಂಬಿನಲ್ಲಿರುವ ಸೊಮಾಲಿಯರನ್ನು ನೋಡಿ. 1991ರಲ್ಲಿ ಅವರ ಸರ್ಕಾರವೇ ಕುಸಿದು, ಲಕ್ಷಾಂತರ ಜನ ಲಂಡನ್ನಿಗೆ, ಮಿನಿಯಾಪೊಲಿಸಿಗೆ, ಸ್ಕ್ಯಾಂಡಿನೇವಿಯಕ್ಕೆ ಚದುರಿದರು. ನಮ್ಮವರು ಉದ್ಯೋಗಕ್ಕೆಂದು ಹೋದರು, ಅವರಲ್ಲಿ ಬಹುಪಾಲಿನವರು ಪ್ರಾಣಕ್ಕೆಂದು ಓಡಿದರು. ಈ ಅಂತರವನ್ನು ಮರೆತು ಹೋಲಿಕೆ ಮಾಡುವುದು ಸಲ್ಲದು. ಆದರೆ ಅವರು ಹೊತ್ತೊಯ್ದ ಗಂಟು ಬಹು ದೊಡ್ಡದು. ಸೊಮಾಲಿ ಭಾಷೆಗೆ ಅಧಿಕೃತ ಲಿಪಿ ದೊರೆತದ್ದು 1972ರಲ್ಲಿ, ಅದೂ ರೋಮನ್ ಲಿಪಿ. ಅದಕ್ಕೆ ಮುಂಚಿನ ಕಾವ್ಯವೆಲ್ಲ ಬಹುಮಟ್ಟಿಗೆ ನೆನಪಿನಲ್ಲಿಯೇ ಬದುಕಿತ್ತು. ನೆನಪಿಗೆ ಊರುಗೋಲು ಅವರ ಛಂದಸ್ಸು: ಪದ್ಯದ ಒಂದೊಂದು ಸಾಲಿನಲ್ಲಿಯೂ ಒಂದೇ ಧ್ವನಿಯಿಂದ ಮೊದಲಾಗುವ ಪದ ಬರಲೇಬೇಕು, ಪದ್ಯ ನೂರು ಸಾಲಿದ್ದರೂ ಸರಿಯೆ. ನಮ್ಮ ದ್ವಿತೀಯಾಕ್ಷರ ಪ್ರಾಸಕ್ಕೆ ಇದು ದೂರದ ದಾಯಾದಿಯಂತೆ ತೋರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ತೊರೆದು ನಮ್ಮ ಹೊಸಗಾವ್ಯಕ್ಕೆ ದಾರಿ ಮಾಡಿದರು. ಸೊಮಾಲಿ ಕವಿಗಳು ತಮ್ಮದನ್ನು ಬಿಡಲಿಲ್ಲ, ಬಿಡದೆಯೇ ಹೊಸಬರಾದರು.

1979ರ ಕೊನೆಯಲ್ಲಿ ಗಾರಿಯೆ ಎಂಬ ಕವಿ ದಕಾರದ ಪ್ರಾಸದಲ್ಲಿ ಒಂದು ರಾಜಕೀಯ ಪದ್ಯ ಕಟ್ಟಿದ. ಹದ್ರಾವಿ ಎಂಬ ಮಹಾಕವಿ ಅದಕ್ಕೆ ದಕಾರದಲ್ಲಿಯೇ ಉತ್ತರ ಕೊಟ್ಟ. ಇನ್ನೂ ಹಲವಾರು ಕವಿಗಳು ಸೇರಿಕೊಂಡರು. ಸರಪಣಿಗೆ ‘ದೇಲೆ’ ಎಂದೇ ಹೆಸರಾಯಿತು. ಇದೆಲ್ಲ ಹರಡಿದ್ದು ಪುಸ್ತಕದಿಂದಲ್ಲ, ಕ್ಯಾಸೆಟ್ಟಿನಿಂದ. ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡ ಆ ಸುರುಳಿಗಳು ದೇಶದ ಗಡಿಯನ್ನೂ ದಾಟಿದವು. ಆಳುವವರು ಅಚ್ಚುಕೂಟಕ್ಕೆ ಬೀಗ ಹಾಕಬಲ್ಲರು. ಜೇಬಿನಲ್ಲಿರುವ ಸುರುಳಿಗೆ ಹಾಕುವುದು ಕಷ್ಟ. ಹದ್ರಾವಿ 2022ರಲ್ಲಿ ಹರ್ಗೈಸಾದಲ್ಲಿ ತೀರಿಕೊಂಡ. ಲಂಡನ್ನಿನಲ್ಲಿ ಸೊಮಾಲಿ ಸಾಹಿತ್ಯ ಸಪ್ತಾಹವೊಂದು 2009ರಿಂದ ನಡೆದುಬಂದಿದೆ. ಕವಿತೆ, ಗಾಯನ, ಪುಸ್ತಕಚರ್ಚೆಗಳು ಅಲ್ಲಿ ಒಂದೇ ಚಪ್ಪರದಡಿ ಸೇರುತ್ತವೆ.

ಕ್ಯಾಸೆಟ್ಟಿನ ಮಾತು ಬಂದದ್ದರಿಂದ ನಮ್ಮ ಕಡೆಗೆ ತಿರುಗೋಣ. ಶಿವಮೊಗ್ಗೆಯಲ್ಲಿ ಅಧ್ಯಾಪಕರಾಗಿದ್ದ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ಅಳವಡಿಸಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಅದು. ಅದರ ಹಿಂದೆ ಇನ್ನೆಷ್ಟೋ ಬಂದವು. ಪುಸ್ತಕದಲ್ಲಿದ್ದ ಕವಿತೆಗೆ ಹೀಗೆ ರೆಕ್ಕೆ ಹುಟ್ಟಿತು. ವಿಮಾನ ಹತ್ತುವವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಅದಕ್ಕೂ ಜಾಗ ಸಿಕ್ಕಿತು. ನಮ್ಮ ತಾಲ್ಲೂಕಿನ ಈಸೂರಿನಲ್ಲಿ 1926ರಲ್ಲಿ ಹುಟ್ಟಿದ ಜಿ. ಎಸ್. ಶಿವರುದ್ರಪ್ಪನವರ ಗೀತೆಗಳು ಕಡಲಾಚೆಯ ಕನ್ನಡಿಗರ ಮನೆಗಳಲ್ಲಿ ನೆಲೆಯಾದದ್ದು ಬಹುಮಟ್ಟಿಗೆ ಹೀಗೆ. ಅವರದೇ ಒಂದು ಪದ್ಯ, ಕಡಲನ್ನು ಎಂದೂ ಕಾಣದ ಮನಸ್ಸಿನ ಹಂಬಲವನ್ನು ಹೇಳುವಂಥದು, ಸಿ. ಅಶ್ವಥ್ ಅವರ ಕಂಠದಲ್ಲಿ ಮನೆಮಾತಾಗಿದೆ. ಈಸೂರಿನ ಕಡೆಯಿಂದ ಹಂಬಲಿಸಿದ ಕಡಲನ್ನು ದಾಟಿ ಕುಳಿತವರು ಅದನ್ನು ಕೇಳುವಾಗ ಅರ್ಥ ಹಿಂದುಮುಂದಾಗುತ್ತದೆ. ಅವರಿಗೆ ಕಾಣದಿರುವುದು ಈಸೂರು.

ಸುಗಮ ಸಂಗೀತವನ್ನು ಹಗುರವೆಂದು ಮೂಗು ಮುರಿಯುವ ವಿಮರ್ಶಕರುಂಟು. ಕವಿತೆಯ ಕ್ಲೇಶವನ್ನು ರಾಗ ನುಣುಪುಮಾಡಿಬಿಡುತ್ತದೆ ಎಂಬ ಅವರ ಆಕ್ಷೇಪದಲ್ಲಿ ಸ್ವಲ್ಪ ನಿಜವಿದೆ. ಆದರೆ ಹೊರನಾಡಿನಲ್ಲಿ ರಾಗ ಮಾಡುವ ಕೆಲಸವೇ ಬೇರೆ. ನಮ್ಮ ನೆರೆಯ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಿಕರು ಆಫ್ರಿಕದಿಂದ ಬಂದವರು. ಇಂದು ಅವರಾಡುವುದು ಕೊಂಕಣಿ, ಕನ್ನಡ, ಮರಾಠಿ, ಉರ್ದುಗಳನ್ನು. ಆಫ್ರಿಕದ ಮಾತು ಮಾಸಿಹೋಯಿತು. ಡಮಾಮಿಯ ಬಡಿತ, ಅದರ ಕುಣಿತ ಉಳಿದಿದೆ. ಪರದೇಶಕ್ಕೆ ಹೋದ ಕುಲದಲ್ಲಿ ಮೊದಲು ಹೋಗುವುದು ಲಿಪಿ, ಆಮೇಲೆ ಮಾತು, ಕಡೆಯವರೆಗೆ ಕಚ್ಚಿಕೊಂಡಿರುವುದು ತಾಳ ಎಂದು ನನಗೆ ತೋರುತ್ತದೆ.

ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಕಡಲಾಚೆಯ ಸಂಸ್ಥೆಗಳನ್ನು ನೋಡಬೇಕು. ಇಂಗ್ಲೆಂಡಿನ ಕನ್ನಡ ಬಳಗ 1983ರಷ್ಟು ಹಿಂದಿನದು. ಅಮೆರಿಕದ ಕನ್ನಡ ಕೂಟಗಳ ಆಗರವಾದ ‘ಅಕ್ಕ’ ತನ್ನ ಮೊದಲ ವಿಶ್ವ ಕನ್ನಡ ಸಮ್ಮೇಳನವನ್ನು 2000ದಲ್ಲಿ ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ ನಡೆಸಿತು. (ಉಡುತಡಿಯ ಅಕ್ಕನಿಗೂ ಈ ‘ಅಕ್ಕ’ನಿಗೂ ಸಂಬಂಧವಿಲ್ಲ, ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ಹಾಗಾದದ್ದು, ಆದರೂ ಕಿವಿಗೆ ಹಿತ.) ಅಲ್ಲಿ ಮೆರವಣಿಗೆಯುಂಟು, ಊಟವುಂಟು, ಸಿನಿಮಾ ತಾರೆಯರುಂಟು, ಸಾಹಿತ್ಯಗೋಷ್ಠಿಗೆ ಒಂದು ಕೋಣೆಯುಂಟು. ಆ ಕೋಣೆಯ ಕುರ್ಚಿಗಳು ತುಂಬುವುದು ಸಾಲದೆನಿಸಿದವರು ಕನ್ನಡ ಸಾಹಿತ್ಯ ರಂಗವನ್ನು ಕಟ್ಟಿದರೆಂದು ನಾನು ಭಾವಿಸುತ್ತೇನೆ. 2004ರ ಅದರ ಮೊದಲ ಸಮ್ಮೇಳನ ಕುವೆಂಪು ಸಾಹಿತ್ಯಕ್ಕೆ ಮೀಸಲಾಗಿತ್ತು. ‘ಕುವೆಂಪು ಸಾಹಿತ್ಯ ಸಮೀಕ್ಷೆ’ ಎಂಬ ಪುಸ್ತಕವೂ ಹೊರಬಂತು. ಅನಂತರದ ಸಮ್ಮೇಳನಗಳಲ್ಲಿಯೂ ಅಲ್ಲಿಯವರೇ ಬರೆದ ಪುಸ್ತಕ ತರುವ ಪದ್ಧತಿ ಬೆಳೆಯಿತು. ಹಾಸ್ಯಸಾಹಿತ್ಯವನ್ನು ಕುರಿತು 2007ರಲ್ಲಿ ಬಂದ ಗ್ರಂಥಕ್ಕೆ ‘ನಗೆಗನ್ನಡಂ ಗೆಲ್ಗೆ’ ಎಂದು ಹೆಸರು. ಹಬ್ಬ ಬೇಡವೆಂದು ನಾನು ಹೇಳಲಾರೆ. ಹಬ್ಬದ ಮಾರನೆಯ ದಿನ ಕೈಯಲ್ಲಿ ಉಳಿಯುವುದು ಇಂತಹ ಪುಸ್ತಕ.

ಆದರೆ ಆ ಪುಸ್ತಕವನ್ನು ಬರೆದವರ ಮಕ್ಕಳು ಓದಬಲ್ಲರೆ? ಮಾತಾಡಬಲ್ಲ ಮಕ್ಕಳಿದ್ದಾರೆ, ಹಾಡಬಲ್ಲವರು ಬಹಳ, ಓದಬಲ್ಲವರು ವಿರಳ. ಹಾಡನ್ನು ಅವರಿಗೆ ರೋಮನ್ ಅಕ್ಷರದಲ್ಲಿ ಬರೆದುಕೊಡುವುದು ರೂಢಿ. ಸೊಮಾಲಿಯರು ರೋಮನ್ ಲಿಪಿಯನ್ನು ತೆಗೆದುಕೊಂಡಾಗ ತಮ್ಮ ಧ್ವನಿಗಳಿಗೆ ಅದನ್ನು ಒಗ್ಗಿಸಿದರು. ಗಂಟಲಿನಿಂದ ಬರುವ ಒಂದು ಹಕಾರಕ್ಕೆ ಇಂಗ್ಲಿಷಿನ ಎಕ್ಸ್ ಅಕ್ಷರವನ್ನೇ ಗೊತ್ತುಮಾಡಿದರು. ಆದ್ದರಿಂದ ಅವರಿಗೆ ಅದು ಸ್ವಂತ ಲಿಪಿ. ನಮ್ಮ ಹುಡುಗಿಯ ಕೈಯಲ್ಲಿರುವ ಚೀಟಿಯಲ್ಲಿ ಅಂತಹ ಕಟ್ಟುಪಾಡಿಲ್ಲ. ‘ಬಳೆ’ಯೂ ‘ಬಲೆ’ಯೂ ಅಲ್ಲಿ ಒಂದೇ, ‘ತಟ್ಟೆ’ಯ ಎರಡು ತಕಾರಗಳಿಗೆ ಭೇದವಿಲ್ಲ, ‘ಮನ’ ಯಾವುದು, ‘ಮಾನ’ ಯಾವುದು ಎಂಬುದು ದೇವರಿಗೇ ಗೊತ್ತು. ಹಾಗಿದ್ದರೂ ಆ ಹುಡುಗಿ ವೇದಿಕೆಯ ಮೇಲೆ ಬಳೆಯನ್ನು ಬಳೆಯೆಂದೇ ಹಾಡುತ್ತಾಳೆ, ಏಕೆಂದರೆ ಅಜ್ಜಿ ಅದನ್ನು ಹಾಡಿದ್ದು ಅವಳ ಕಿವಿಗೆ ಬಿದ್ದಿದೆ. ಅಜ್ಜಿಯ ದನಿ ಕೇಳದ ಮಗುವಿನ ಕೈಗೆ ಅದೇ ಚೀಟಿಯನ್ನು ಕೊಟ್ಟರೆ, ಅದು ಬಲೆಯೆಂದು ಹಾಡುತ್ತದೆ.