ಗೆಲ್ಲುವ ಕುದುರೆಯ ಲೆಕ್ಕಾಚಾರ

2012ರ ಜನವರಿ 3ರ ರಾತ್ರಿ ಅಮೆರಿಕದ ಅಯೋವಾ ರಾಜ್ಯದ ಶಾಲೆ, ಚರ್ಚು, ಸಮುದಾಯ ಭವನಗಳಲ್ಲಿ ರಿಪಬ್ಲಿಕನ್ ಪಕ್ಷದ ಬೆಂಬಲಿಗರು ಸಭೆ ಸೇರಿ, ಚೀಟಿಯ ಮೇಲೆ ತಮಗೆ ಬೇಕಾದವರ ಹೆಸರು ಬರೆದು ಹಾಕಿದರು. ಅಧ್ಯಕ್ಷ ಚುನಾವಣೆಗೆ ಪಕ್ಷದಿಂದ ಯಾರು ನಿಲ್ಲಬೇಕು ಎಂದು ತೀರ್ಮಾನಿಸುವ ದೀರ್ಘ ಸ್ಪರ್ಧೆಯ ಮೊದಲ ಸುತ್ತು ಅದು. ಎಣಿಕೆ ಮುಗಿದಾಗ ಮಿಟ್ ರಾಮ್ನಿ 8 ಮತಗಳಿಂದ ಮುಂದಿದ್ದಾರೆ ಎಂದು ಘೋಷಣೆಯಾಯಿತು. ಎರಡು ವಾರದ ನಂತರ ಪರಿಶೀಲಿಸಿದ ಲೆಕ್ಕ ಹೊರಬಂತು: ರಿಕ್ ಸ್ಯಾಂಟೋರಮ್ 29,839, ರಾಮ್ನಿ 29,805. ಎಂಟು ಮತಗಟ್ಟೆಗಳ ಲೆಕ್ಕ ಕೊನೆಗೂ ಸಿಗಲಿಲ್ಲ.

ಸ್ಯಾಂಟೋರಮ್ ಕಟ್ಟಾ ಕ್ಯಾಥೊಲಿಕ್. ಗರ್ಭಪಾತ ಮತ್ತು ಸಲಿಂಗ ವಿವಾಹದ ವಿರೋಧವೇ ಅವರ ರಾಜಕೀಯದ ಗುರುತು. ಸಭೆಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇವಾಂಜೆಲಿಕಲ್ ಕ್ರೈಸ್ತರು. ಅವರಿಗೆ ಸ್ಯಾಂಟೋರಮ್ ಮನಸ್ಸಿಗೆ ಹತ್ತಿರದವರು. ಆದರೆ ಆಗಿನ ಅಧ್ಯಕ್ಷ ಬರಾಕ್ ಒಬಾಮರನ್ನು ಸೋಲಿಸುವ ತಾಕತ್ತು ಅವರಿಗಿದೆಯೇ? 2006ರಲ್ಲಿ ಪೆನ್ಸಿಲ್ವೇನಿಯಾದ ಸೆನೆಟ್ ಸ್ಥಾನವನ್ನು ಅವರು 17 ಶೇಕಡಾ ಅಂಶಗಳಿಗೂ ಹೆಚ್ಚಿನ ಅಂತರದಿಂದ ಕಳೆದುಕೊಂಡಿದ್ದರು. ರಾಮ್ನಿ ಪರ ವಾದಿಸುವವರು ಆ ಸೋಲನ್ನು ಮತ್ತೆ ಮತ್ತೆ ಎತ್ತಿ ತೋರಿಸಿದರು. ಅಂದು ಅವರನ್ನು ಸೋಲಿಸಿದ ಡೆಮಾಕ್ರಟಿಕ್ ಪಕ್ಷದ ಬಾಬ್ ಕೇಸಿ ಸಹ ಗರ್ಭಪಾತದ ವಿರೋಧಿಯೇ ಆಗಿದ್ದರು ಎಂಬುದು ಮಾತ್ರ ಆ ವಾದದಲ್ಲಿ ಅಷ್ಟಾಗಿ ಕೇಳಿಬರಲಿಲ್ಲ.

ನಮ್ಮಲ್ಲಿ ಯಾರು ಗೆಲ್ಲುವ ಕುದುರೆ ಎಂದು ಲೆಕ್ಕ ಹಾಕಿ ಟಿಕೆಟ್ ಕೊಡುವುದು ಹೈಕಮಾಂಡ್. ಅಮೆರಿಕದಲ್ಲಿ ಈ ಲೆಕ್ಕವನ್ನು ಲಕ್ಷಾಂತರ ಸಾಮಾನ್ಯ ಮತದಾರರು ತಲೆಯಲ್ಲೇ ಹಾಕಬೇಕು. ಅದನ್ನು ಅವರು ಹೇಗೆ ಹಾಕುತ್ತಾರೆ, ಎಷ್ಟು ಸರಿಯಾಗಿ ಹಾಕುತ್ತಾರೆ ಎಂಬುದು ರಾಜ್ಯಶಾಸ್ತ್ರ ದಶಕಗಳಿಂದ ಕೆದಕುತ್ತಿರುವ ಪ್ರಶ್ನೆ.

ಹಳೆಯ ಸಿದ್ಧಾಂತ ಸರಳವಾಗಿದೆ. ಮತದಾರರನ್ನೆಲ್ಲ ಎಡದಿಂದ ಬಲಕ್ಕೆ ಸಾಲಾಗಿ ನಿಲ್ಲಿಸಿದರೆ, ಸಾಲಿನ ನಟ್ಟನಡುವೆ ನಿಂತವರಿಗೆ ಹತ್ತಿರವಾದ ಅಭ್ಯರ್ಥಿ ಗೆಲ್ಲುತ್ತಾನೆ. ಹೆರಾಲ್ಡ್ ಹೊಟೆಲಿಂಗ್ 1929ರಲ್ಲಿ ಅಂಗಡಿಗಳ ಪೈಪೋಟಿಯನ್ನು ವಿವರಿಸಲು ಬಳಸಿದ ಈ ತರ್ಕವನ್ನು ಆಂಥೊನಿ ಡೌನ್ಸ್ 1957ರಲ್ಲಿ ಚುನಾವಣೆಗೆ ವಿಸ್ತರಿಸಿದರು. ತೊಡಕೆಂದರೆ, ಪಕ್ಷದೊಳಗಿನ ಸಾಲೇ ಬೇರೆ, ಇಡೀ ರಾಜ್ಯದ ಸಾಲೇ ಬೇರೆ. ಅಯೋವಾದ ಆ ಸಭೆಗಳಲ್ಲಿ ಮತ ಹಾಕಿದವರು ಸುಮಾರು 1.2 ಲಕ್ಷ, ಅದೇ ವರ್ಷದ ನವೆಂಬರ್‌ನಲ್ಲಿ ಅದೇ ರಾಜ್ಯದಲ್ಲಿ ಮತ ಹಾಕಿದವರು 15 ಲಕ್ಷಕ್ಕೂ ಹೆಚ್ಚು. ಮೊದಲ ಗುಂಪಿನ ನಡುವಿನಲ್ಲಿ ನಿಂತವರು ಎರಡನೆಯ ಗುಂಪಿನಲ್ಲಿ ಅಂಚಿಗೆ ಸರಿದಿರುತ್ತಾರೆ. ಹಾಗಾಗಿ ಪಕ್ಷದ ನಿಷ್ಠಾವಂತ ಮತದಾರ ತನ್ನ ಮನಸ್ಸಿನ ಮಾತು ಕೇಳಬೇಕು, ಕಾಣದ ಆ ದೊಡ್ಡ ಗುಂಪಿನ ಮನಸ್ಸನ್ನೂ ಊಹಿಸಬೇಕು.

ಆ ಊಹೆಯೊಳಗೆ ಆಸೆ ನುಸುಳುತ್ತದೆ. ಡೊನಾಲ್ಡ್ ಗ್ರಾನ್‌ಬರ್ಗ್ ಮತ್ತು ಎಡ್ವರ್ಡ್ ಬ್ರೆಂಟ್ 1983ರಲ್ಲಿ ಪ್ರಕಟಿಸಿದ ಅಧ್ಯಯನ 1952ರಿಂದ 1980ರವರೆಗಿನ ಅಧ್ಯಕ್ಷ ಚುನಾವಣೆಗಳ ಸಮೀಕ್ಷೆಗಳನ್ನು ನೋಡಿತು. ತಮ್ಮ ಅಭ್ಯರ್ಥಿಯೇ ಗೆಲ್ಲುತ್ತಾನೆ ಎಂದು ನಂಬಿದವರು, ಸೋಲುತ್ತಾನೆ ಎಂದವರ ಸುಮಾರು ನಾಲ್ಕು ಪಟ್ಟು ಇದ್ದರು. 2012ರ ಆ ಸ್ಪರ್ಧೆಯಲ್ಲೂ ಇದರ ಛಾಯೆ ಕಾಣುತ್ತದೆ. ಅಯೋವಾದಲ್ಲಿ ಒಬಾಮರನ್ನು ಸೋಲಿಸುವುದೇ ಮುಖ್ಯ ಎಂದವರು ಹೆಚ್ಚಾಗಿ ರಾಮ್ನಿ ಕಡೆ ವಾಲಿದ್ದರು. ಮೂರು ವಾರದೊಳಗೆ, ಜನವರಿ 21ರಂದು, ಸೌತ್ ಕ್ಯಾರೊಲಿನಾದಲ್ಲಿ ಅದೇ ಮಾತು ಹೇಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಇನ್ನೊಬ್ಬ ಸ್ಪರ್ಧಿ ನ್ಯೂಟ್ ಗಿಂಗ್ರಿಚ್ ಕಡೆಗಿದ್ದರು. ನಡುವೆ ನಡೆದದ್ದು ಟಿವಿ ಚರ್ಚೆಗಳು. ಅವುಗಳಲ್ಲೊಂದರಲ್ಲಿ, ತಮ್ಮ ಹಿಂದಿನ ದಾಂಪತ್ಯದ ಬಗ್ಗೆ ಪ್ರಶ್ನೆ ಬಂದಾಗ ಗಿಂಗ್ರಿಚ್ ನಿರೂಪಕರ ಮೇಲೇ ಹರಿಹಾಯ್ದರು. ಸಭಾಂಗಣ ಎದ್ದುನಿಂತು ಚಪ್ಪಾಳೆ ತಟ್ಟಿತು. ಮೂರು ಬಾರಿ ಮದುವೆಯಾದ ಅವರೇ ಅಲ್ಲಿನ ಇವಾಂಜೆಲಿಕಲ್ ಮತದಾರರ ಮೊದಲ ಆಯ್ಕೆಯಾದರು. ಗೆಲ್ಲುವ ಶಕ್ತಿ ಎಂದು ಜನ ಕರೆಯುವುದರಲ್ಲಿ ಬಹುಪಾಲು ಆ ವಾರ ಮೆಚ್ಚಿದವನ ಮೇಲಿನ ಒಲವೇ ಎಂದು ನನಗನ್ನಿಸುತ್ತದೆ.

ಹಾಗೆಂದು ಅಳೆಯಲು ಏನೂ ಇಲ್ಲವೆಂದಲ್ಲ. ಕಷ್ಟ ಇರುವುದು ಹೋಲಿಕೆಯಲ್ಲಿ. ಕೊನೆಗೆ ಪಕ್ಷದ ಅಭ್ಯರ್ಥಿಯಾದ ರಾಮ್ನಿ ಒಬಾಮರೆದುರು ಸೋತರು; ಅವರ ಬದಲು ಸ್ಯಾಂಟೋರಮ್ ನಿಂತಿದ್ದರೆ ಏನಾಗುತ್ತಿತ್ತು ಎಂದು ನೋಡಲು 2012 ಮತ್ತೆ ಬರುವುದಿಲ್ಲ. ಆ್ಯಂಡ್ರೂ ಹಾಲ್ ಎಂಬ ರಾಜ್ಯಶಾಸ್ತ್ರಜ್ಞ 2015ರಲ್ಲಿ ಇದಕ್ಕೊಂದು ಜಾಣ ದಾರಿ ಹಿಡಿದರು. 1980ರಿಂದ 2010ರವರೆಗಿನ ಪ್ರತಿನಿಧಿ ಸಭೆಯ ಪ್ರೈಮರಿಗಳಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳ ಚುನಾವಣೆಗಳಲ್ಲಿ), ಒಬ್ಬ ಮಧ್ಯಮ ಮಾರ್ಗಿ, ಒಬ್ಬ ತೀವ್ರವಾದಿ ಕೂದಲೆಳೆಯ ಅಂತರದಲ್ಲಿ ಸೆಣಸಿದ ಕ್ಷೇತ್ರಗಳನ್ನು ಆರಿಸಿಕೊಂಡರು. ಯಾರು ಎಷ್ಟು ತೀವ್ರ ಎಂಬುದನ್ನು ಅವರಿಗೆ ಬಂದ ದೇಣಿಗೆಯ ಮೂಲದಿಂದ ಅಂದಾಜಿಸಿದರು. ಅಂತರ ಅಷ್ಟು ಸಣ್ಣದಿದ್ದಾಗ ಯಾರು ದಡ ಸೇರುತ್ತಾರೆ ಎಂಬುದು ಹೆಚ್ಚು ಕಡಿಮೆ ನಾಣ್ಯ ಚಿಮ್ಮಿದಂತೆ. ಹಾಗಾಗಿ ತೀವ್ರವಾದಿ ಕಷ್ಟಪಟ್ಟು ಗೆದ್ದ ಕ್ಷೇತ್ರಗಳೂ ಸ್ವಲ್ಪದರಲ್ಲಿ ಸೋತ ಕ್ಷೇತ್ರಗಳೂ ಉಳಿದೆಲ್ಲ ವಿಷಯಗಳಲ್ಲಿ ಒಂದೇ ಬಗೆಯವು. ಫಲಿತಾಂಶ: ತೀವ್ರವಾದಿ ಅಭ್ಯರ್ಥಿಯಾದಲ್ಲಿ ಪಕ್ಷದ ಮತ 9ರಿಂದ 13 ಶೇಕಡಾ ಅಂಶ ಕುಸಿಯಿತು, ಗೆಲುವಿನ ಸಂಭವ 35ರಿಂದ 54 ಅಂಶ ಇಳಿಯಿತು. ಹಾಲ್ ಮತ್ತು ಡೇನಿಯಲ್ ಥಾಂಪ್ಸನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಕಾರಣದತ್ತ ಬೆರಳು ಮಾಡಿತು. ತೀವ್ರ ಅಭ್ಯರ್ಥಿ ತನ್ನವರನ್ನು ಹುರಿದುಂಬಿಸಿ ಮತಗಟ್ಟೆಗೆ ತರುತ್ತಾನೆ ಎಂಬ ನಂಬಿಕೆಗೆ ವಿರುದ್ಧವಾಗಿ, ಅವನನ್ನು ಕಂಡು ಎದ್ದು ಬರುವುದು ಎದುರಾಳಿಯ ಬೆಂಬಲಿಗರು. ಇವು ಪ್ರತಿನಿಧಿ ಸಭೆಯ ಅಂಕಿಗಳು. ಅಧ್ಯಕ್ಷ ಸ್ಪರ್ಧೆಗೆ ಹಾಗೇ ಅಂಟಿಸಲಾಗದು.

ಈ ಗಣಿತವನ್ನು ಚೆನ್ನಾಗಿ ಅರಿತವರು ಮಿಸ್ಸೌರಿಯ ಆಗಿನ ಡೆಮಾಕ್ರಟಿಕ್ ಸೆನೆಟರ್ ಕ್ಲೇರ್ ಮೆಕ್ಯಾಸ್ಕಿಲ್. 2012ರಲ್ಲಿ ಅವರ ಸ್ಥಾನ ಅಲುಗಾಡುತ್ತಿತ್ತು. ಎದುರಾಳಿ ಪಕ್ಷದ ಪ್ರೈಮರಿಯಲ್ಲಿ ಮೂವರು ಪ್ರಮುಖರು; ಅವರಲ್ಲಿ ಸುಲಭವಾಗಿ ಮಣಿಸಬಹುದಾದವರು ಟಾಡ್ ಏಕಿನ್ ಎಂದು ಅವರಿಗೆ ತೋರಿತು. ಏಕಿನ್ ಅತಿ ಸಂಪ್ರದಾಯವಾದಿ ಎಂದು ಸಾರುವ ಟಿವಿ ಜಾಹೀರಾತುಗಳಿಗೆ ಮೆಕ್ಯಾಸ್ಕಿಲ್ ಪಾಳಯ ಸುಮಾರು 17 ಲಕ್ಷ ಡಾಲರ್ ಸುರಿಯಿತು. ಮೇಲ್ನೋಟಕ್ಕೆ ಟೀಕೆ, ರಿಪಬ್ಲಿಕನ್ ಮತದಾರರ ಕಿವಿಗೆ ಹೊಗಳಿಕೆ. ಆಗಸ್ಟ್ 7ರಂದು ಏಕಿನ್ ಗೆದ್ದರು. ಎರಡು ವಾರವೂ ತುಂಬಿರಲಿಲ್ಲ, ಅತ್ಯಾಚಾರವಾದಾಗ ಹೆಣ್ಣಿನ ದೇಹವೇ ಗರ್ಭ ನಿಲ್ಲದಂತೆ ತಡೆಯುತ್ತದೆ ಎಂಬರ್ಥದ ಮಾತನ್ನು ಸಂದರ್ಶನವೊಂದರಲ್ಲಿ ಆಡಿದರು. ವೈದ್ಯಕೀಯವಾಗಿ ಅದು ಶುದ್ಧ ಸುಳ್ಳು. ನೊಂದ ಹೆಣ್ಣುಮಕ್ಕಳಿಗೆ ಮಾಡಿದ ಅಪಮಾನ. ನವೆಂಬರ್‌ನಲ್ಲಿ ಮಿಸ್ಸೌರಿ ರಾಮ್ನಿಗೆ ಶೇ 54ರಷ್ಟು ಮತ ಕೊಟ್ಟಿತು, ಏಕಿನ್‌ಗೆ ಶೇ 39.

ಇದರಿಂದ ಸಾಮಾಜಿಕ ಸಂಪ್ರದಾಯವಾದವೇ ಸೋಲಿನ ಬೀಜ ಎಂದು ತೀರ್ಮಾನಿಸುವುದು ಆತುರ. ಅದೇ ನವೆಂಬರ್‌ನಲ್ಲಿ ಟೆಕ್ಸಾಸ್‌ನ ರಿಪಬ್ಲಿಕನ್ ಟೆಡ್ ಕ್ರೂಜ್ ನಿರಾಯಾಸವಾಗಿ ಸೆನೆಟ್ ಸೇರಿದರು. ಗರ್ಭಪಾತದ ವಿಚಾರದಲ್ಲಿ ಅವರ ನಿಲುವೇನೂ ಮೆತ್ತಗಿರಲಿಲ್ಲ. ಅಲ್ಲದೆ ನಡುವಿನ ಜಾಗ ನಿಂತಲ್ಲೇ ನಿಲ್ಲುವುದೂ ಇಲ್ಲ. ಜಾರ್ಜ್ ಬುಷ್ ಮರು ಆಯ್ಕೆಯಾದ 2004ರ ನವೆಂಬರ್‌ನಲ್ಲಿ 11 ರಾಜ್ಯಗಳ ಜನ ಸಲಿಂಗ ವಿವಾಹ ನಿಷೇಧದ ತಿದ್ದುಪಡಿಗಳಿಗೆ ಮತ ಹಾಕಿದರು, ಹನ್ನೊಂದೂ ಪಾಸಾದವು. ಎಂಟೇ ವರ್ಷಕ್ಕೆ ಮೇನ್, ಮೇರಿಲ್ಯಾಂಡ್, ವಾಷಿಂಗ್ಟನ್ ರಾಜ್ಯಗಳ ಮತದಾರರು ಅದೇ ವಿವಾಹಕ್ಕೆ ಒಪ್ಪಿಗೆ ಕೊಟ್ಟರು, ಮಿನ್ನೆಸೊಟಾ ನಿಷೇಧವನ್ನು ತಿರಸ್ಕರಿಸಿತು. 2004ರಲ್ಲಿ ಮತ ತಂದ ನಿಲುವು 2012ರಲ್ಲಿ ಹೊರೆಯಾಗಿತ್ತು, ನಿಲುವು ಒಂದಿನಿತೂ ಬದಲಾಗದಿದ್ದರೂ.

2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ರದ್ದುಪಡಿಸಿದ ಮೇಲೆ ಲೆಕ್ಕ ಇನ್ನಷ್ಟು ಜಟಿಲವಾಯಿತು. ಫ್ಲಾರಿಡಾ ಗವರ್ನರ್ ರಾನ್ ಡಿಸ್ಯಾಂಟಿಸ್ ಆರು ವಾರಗಳ ನಂತರದ ಗರ್ಭಪಾತ ನಿಷೇಧಿಸುವ ಕಾನೂನಿಗೆ 2023ರಲ್ಲಿ ಸಹಿ ಹಾಕಿದರು. ಅದು ಘೋರ ತಪ್ಪು ಎಂದರು, 2024ರ ರಿಪಬ್ಲಿಕನ್ ಸ್ಪರ್ಧೆಯಲ್ಲಿ ಅವರ ಎದುರಾಳಿಯಾಗಿದ್ದ ಡೊನಾಲ್ಡ್ ಟ್ರಂಪ್. ಸಾರ್ವತ್ರಿಕ ಚುನಾವಣೆಯಲ್ಲಿ ತಾನೇ ಬಲಿಷ್ಠೆ ಎಂದು ಸಮೀಕ್ಷೆಗಳನ್ನು ಮುಂದಿಟ್ಟು ವಾದಿಸಿದರು ಇನ್ನೊಬ್ಬ ಸ್ಪರ್ಧಿ ನಿಕ್ಕಿ ಹ್ಯಾಲಿ. 2024ರ ಜನವರಿಯಲ್ಲಿ ಅಯೋವಾ ಟ್ರಂಪ್‌ಗೆ ಶೇ 51, ಡಿಸ್ಯಾಂಟಿಸ್‌ಗೆ ಶೇ 21, ಹ್ಯಾಲಿಗೆ ಶೇ 19 ಮತ ಕೊಟ್ಟಿತು. ಧರ್ಮನಿಷ್ಠ ಮತದಾರರು ನಿಲುವಿನ ಶುದ್ಧತೆಯನ್ನೂ ಆರಿಸಲಿಲ್ಲ, ಸಮೀಕ್ಷೆಯನ್ನೂ ನೆಚ್ಚಲಿಲ್ಲ; ತಮ್ಮ ಪರವಾಗಿ ಸೆಣಸುತ್ತಾನೆ ಎಂದು ನಂಬಿದವನ ಹಿಂದೆ ಹೋದರು.

ಆ ವರ್ಷದ ನವೆಂಬರ್‌ನಲ್ಲಿ, ಹಿಂದೆ ಏಕಿನ್ ಸೋತಿದ್ದ ಅದೇ ಮಿಸ್ಸೌರಿಯ ಮತಪತ್ರದಲ್ಲಿ ಗರ್ಭಪಾತದ ಪ್ರಶ್ನೆಯೂ ಅಭ್ಯರ್ಥಿಗಳ ಹೆಸರುಗಳೂ ಒಟ್ಟಿಗೇ ಇದ್ದವು. ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಬೇಕೇ ಎಂಬುದಕ್ಕೆ ಶೇ 51ಕ್ಕೂ ಹೆಚ್ಚು ಮಂದಿ ಹೌದು ಎಂದರು. ಟ್ರಂಪ್ ಅಲ್ಲಿ ಶೇ 58ರಷ್ಟು ಮತ ಪಡೆದರು. ಗರ್ಭಪಾತದ ಕಡು ವಿರೋಧಿ ಸೆನೆಟರ್ ಜಾಶ್ ಹಾಲಿ ಶೇ 55 ದಾಟಿದರು. ಹಕ್ಕಿಗೂ ಅದನ್ನು ವಿರೋಧಿಸುವ ಸೆನೆಟರ್‌ಗೂ ಮತ ಹಾಕಿದ ಸಾವಿರಾರು ಜನ ಅಲ್ಲಿದ್ದಾರೆ.