ಬಿಳಿ ಕಾಗದದ ಹೊಲ

ತೆಲಂಗಾಣದ ಕೋಸಗಿ, ಮದ್ದೂರು ಸೀಮೆಯ ಹಳ್ಳಿಗಳಲ್ಲಿ ಹೊಲದ ವ್ಯಾಪಾರ ಬಹುಕಾಲ ಬಿಳಿ ಕಾಗದದ ಮೇಲೇ ನಡೆಯುತ್ತಿತ್ತು. ಹಿರಿಯರ ಸಾಕ್ಷಿ, ಒಂದು ಹೆಬ್ಬೆಟ್ಟು, ಅಷ್ಟೇ. ಇದೇ ಸಾದಾ ಬೈನಾಮ. ಆದರೆ ನೂರು ರೂಪಾಯಿ ಅಥವಾ ಅದಕ್ಕೂ ಮಿಕ್ಕಿದ ಬೆಲೆಯ ಜಮೀನಿನ ಕ್ರಯಪತ್ರ ನೋಂದಣಿಯಾಗಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ.

ಇಂಥ ಖರೀದಿಯನ್ನು ಸಕ್ರಮಗೊಳಿಸಲು 1971ರ ಪಟ್ಟಾದಾರ್ ಪಾಸ್‌ಬುಕ್ ಕಾಯ್ದೆಯಲ್ಲಿ ದಾರಿಯಿತ್ತು. 2020ರ ಅಕ್ಟೋಬರ್‌ನಲ್ಲಿ ತೆಲಂಗಾಣ ಸರ್ಕಾರ ಅರ್ಜಿಗಳನ್ನೂ ಕರೆಯಿತು. ವಿಚಿತ್ರವೆಂದರೆ, ಅದೇ ತಿಂಗಳ 29ರಂದು ಹೊಸ ಕಾಯ್ದೆ ಜಾರಿಯಾಗಿ ಹಳೆಯದು ರದ್ದಾಯಿತು. ಹೊಸದರಲ್ಲಿ ಸಾದಾ ಬೈನಾಮಕ್ಕೆ ಜಾಗವೇ ಇರಲಿಲ್ಲ! ಅರ್ಜಿಗಳ ವಿಲೇವಾರಿಗೆ ಹೈಕೋರ್ಟ್ ತಡೆ ನೀಡಿತು, ಸುಮಾರು ಒಂಬತ್ತು ಲಕ್ಷ ಅರ್ಜಿಗಳು ಕಚೇರಿಗಳಲ್ಲೇ ಉಳಿದವು. ಉಳುವವನೊಬ್ಬ, ಒಡೆತನ ತೋರಿಸುವ ಪಾಸ್‌ಬುಕ್ ಇನ್ನೊಬ್ಬನ ಹೆಸರಲ್ಲಿ. ಸರ್ಕಾರ ಕೊಡುತ್ತಿದ್ದ ರೈತಬಂಧು ನೆರವಿನ ಹಣವೂ ಪಾಸ್‌ಬುಕ್ ಇದ್ದವನ ಖಾತೆಗೇ ಹೋಗುತ್ತಿತ್ತು.

2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಭೂಭಾರತಿ ಕಾಯ್ದೆ ಈ ಬಿರುಕನ್ನು ಮುಚ್ಚಹೊರಟಿದೆ. ಅದರ ಪ್ರಯೋಗಕ್ಕೆ ಮೊದಲು ಆಯ್ದ ನಾಲ್ಕು ಮಂಡಲಗಳಲ್ಲಿ ನಾರಾಯಣಪೇಟೆಯ ಮದ್ದೂರೂ ಒಂದು. 2014ರ ಜೂನ್ 2ಕ್ಕೆ ಮೊದಲು ಹೊಲ ಕೊಂಡು, ಹನ್ನೆರಡು ವರ್ಷದಿಂದ ಸ್ವಾಧೀನದಲ್ಲಿಟ್ಟುಕೊಂಡು, 2020ರಲ್ಲಿ ಅರ್ಜಿ ಹಾಕಿದ್ದ ಸಣ್ಣ, ಅತಿಸಣ್ಣ ರೈತರಿಗೆ ಸಕ್ರಮದ ಅವಕಾಶವಿದೆ.

ಆದರೆ ಕಾಗದ ಬರೆಸಿದವರು, ಸಾಕ್ಷಿ ಹಾಕಿದವರು ಎಷ್ಟೋ ಕಡೆ ಈಗಿಲ್ಲ. ಬೆಲೆ ಏರಿದ ಹೊಲವನ್ನು ಮಾರಿದವರ ಮಕ್ಕಳು ಸುಲಭಕ್ಕೆ ಬಿಟ್ಟುಕೊಡುವುದೂ ಅನುಮಾನ. ಅಲ್ಲಿ ತಕರಾರೆದ್ದರೆ ಸಣ್ಣ ರೈತನಿಗೆ ಮತ್ತೆ ಕೋರ್ಟಿನ ಅಲೆದಾಟ.