ಅನ್ನ, ಔಷಧ, ಅಭಯ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯನ್ನು ಅಲ್ಲಮಪ್ರಭುವಿನ ಹೆಸರಿನಿಂದಲೂ ಕೇದಾರೇಶ್ವರ ದೇವಾಲಯದ ಶಿಲ್ಪದಿಂದಲೂ ಬಲ್ಲವರು ಅನೇಕರು. ಆ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠವನ್ನು ಕುರಿತ 1162ರ ಶಾಸನವನ್ನು ಓದಿದವರು ಅಷ್ಟಿಲ್ಲ. ಕಳಚುರಿ ಬಿಜ್ಜಳನ ಕಾಲದ ಈ ಶಾಸನವು ವೇದ, ವ್ಯಾಕರಣ, ದರ್ಶನ, ಪುರಾಣ, ನಾಟಕಗಳ ವ್ಯಾಸಂಗಕ್ಕೆ ಮಠವು ನೆಲೆಯಾಗಿದ್ದುದನ್ನು ಬಣ್ಣಿಸಿ ಅಲ್ಲಿಗೇ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವಿಕ್ಕುವ ಸ್ಥಾನವೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧವನ್ನೀಯುವ ಸ್ಥಾನವೂ, ಸಕಲ ಪ್ರಾಣಿಗಳಿಗೆ ಅಭಯದ ಸ್ಥಾನವೂ ಅದೇ ಎಂದು ಕೊಂಡಾಡುತ್ತದೆ.

ಅನ್ನ, ಔಷಧ, ಅಭಯ: ಈ ಮೂರರಲ್ಲಿ ಮೊದಲಿನ ಎರಡನ್ನು ಕೊಡುವ ಬಗೆ ನಮಗೆ ತಿಳಿದಿದೆ. ಮೂರನೆಯದನ್ನು ಕೊಡುವುದು ಹೇಗೆ? ಮುಪ್ಪಿನಲ್ಲಿ ಮನುಷ್ಯನನ್ನು ಕಾಡುವ ಭಯ ಸಾವಿನದೊಂದೇ ಅಲ್ಲ. ತಾನು ಯಾವುದಕ್ಕೂ ಬಾರದವನಾದೆನೆಂಬ ಭಯವೂ ಅಷ್ಟೇ ದೊಡ್ಡದು. 2011ರ ಜನಗಣತಿಯಂತೆ ಭಾರತದಲ್ಲಿ 60 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರು 10 ಕೋಟಿಗೂ ಮಿಕ್ಕಿದ್ದರು. ಈ ಪ್ರಶ್ನೆ ಹಾಗಾಗಿ ಯಾವುದೋ ಒಂದು ಮನೆಯದಲ್ಲ.

ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ಸೋದರತ್ತೆಯಿದ್ದಾರೆ. ಎಂಬತ್ತು ದಾಟಿದ ವಯಸ್ಸು. ಒಂದು ಮಳೆಗಾಲದಲ್ಲಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಅವರ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ನಡೆದು ಮೂಳೆ ಕೂಡಿಕೊಂಡಿತು. ಮಕ್ಕಳು ತಾಯಿಯನ್ನು ಹೂವಿನಂತೆ ನೋಡಿಕೊಂಡರು. “ಅಮ್ಮಾ, ನೀನು ಏನೂ ಮಾಡಬೇಡ, ಸುಮ್ಮನೆ ಕೂತಿರು” ಎಂಬುದು ಮನೆಯವರೆಲ್ಲರ ಮಾತಾಯಿತು. ತಲೆ ಬಾಚುವವರು ಒಬ್ಬರು, ತುತ್ತು ಕಲಸಿ ಕೊಡುವವರು ಇನ್ನೊಬ್ಬರು. ಕೆಲವೇ ತಿಂಗಳಲ್ಲಿ ಅತ್ತೆಯ ಮಾತು ನಿಂತಿತು, ಊಟವೂ ಇಳಿಯಿತು. ಔಷಧದಲ್ಲಿ ಕೊರತೆಯಿರಲಿಲ್ಲ, ಪ್ರೀತಿಯಲ್ಲಂತೂ ಇರಲೇ ಇಲ್ಲ.

ಆ ಊರಿನವಳೇ ಆದ, ದಾದಿಯ ವೃತ್ತಿಯಲ್ಲಿರುವ ಹೆಣ್ಣುಮಗಳೊಬ್ಬಳು ಒಂದು ದಿನ ನೋಡಲು ಬಂದಳು. ಅವಳು ಮೊದಲು ಮುಟ್ಟಿದ್ದು ನಾಡಿಯನ್ನಲ್ಲ. “ಅಜ್ಜೀ, ನಿಮ್ಮ ಕೈಯಿಂದಲೇ ಆಗಬೇಕು ಅನ್ನಿಸುವ ಕೆಲಸ ಯಾವುದು?” ಎಂದು ಕೇಳಿದಳು. ಅತ್ತೆ ತುಸು ಹೊತ್ತು ಸುಮ್ಮನಿದ್ದು, “ತಲೆ ನಾನೇ ಬಾಚಿಕೊಳ್ಳಬೇಕು. ದೇವರ ಮುಂದಿನ ದೀಪ ನಾನೇ ಹಚ್ಚಬೇಕು” ಎಂದರಂತೆ.

ಈ ಪ್ರಶ್ನೆಯ ಹಿಂದೆ ಒಂದು ಶಾಸ್ತ್ರವೇ ಇದೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆಗೆ ಕಾರಣಳಾದ ಫ್ಲಾರೆನ್ಸ್ ನೈಟಿಂಗೇಲ್, ಗಾಳಿ, ಬೆಳಕು, ಬೆಚ್ಚನೆ, ನಿರ್ಮಲತೆ, ನಿಶ್ಶಬ್ದಗಳೇ ಆರೈಕೆಯ ಅಡಿಪಾಯವೆಂದಳು. ಅಮೆರಿಕದ ವರ್ಜೀನಿಯಾ ಹೆಂಡರ್ಸನ್ ಮನುಷ್ಯನ ಮೂಲ ಅಗತ್ಯಗಳನ್ನು 14 ಎಂದು ಎಣಿಸಿದಳು. ಉಸಿರಾಟ, ಆಹಾರ, ನಿದ್ರೆಗಳ ಸಾಲಿನಲ್ಲಿಯೇ ತನ್ನ ನಂಬಿಕೆಯಂತೆ ಪೂಜಿಸುವುದನ್ನೂ, ಸಾರ್ಥಕವೆನಿಸುವ ಕೆಲಸವನ್ನು ಮಾಡುವುದನ್ನೂ ಆಕೆ ಸೇರಿಸಿದ್ದಾಳೆ. ಡೊರೊತಿಯಾ ಓರೆಮ್ 1971ರ ತನ್ನ ಗ್ರಂಥದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಪ್ರತಿಯೊಬ್ಬನೂ ತನ್ನನ್ನು ತಾನು ನೋಡಿಕೊಳ್ಳಬಲ್ಲವನು. ಆ ಶಕ್ತಿ ಎಲ್ಲಿ ಸಾಲದಾಗುವುದೋ ಅಲ್ಲಿ, ಸಾಲದಷ್ಟನ್ನು ಮಾತ್ರ ತುಂಬುವುದೇ ದಾದಿಯ ಧರ್ಮ. ಕೆಲವರಿಗೆ ಎಲ್ಲವನ್ನೂ ನಾವೇ ಮಾಡಬೇಕು, ಕೆಲವರಿಗೆ ಅರ್ಧ, ಕೆಲವರಿಗೆ ಕಲಿಸಿ, ಧೈರ್ಯ ಹೇಳಿದರೆ ಸಾಕು.

ಆ ಹೆಣ್ಣುಮಗಳು ಮಾಡಿಸಿದ್ದು ಇದನ್ನೇ. ಕತ್ತಲೆಯ ಒಳಕೋಣೆಯಿಂದ ಅತ್ತೆಯ ಮಂಚ ಕಿಟಕಿಯ ಬಳಿಗೆ ಬಂತು. ಬಚ್ಚಲಿನ ಗೋಡೆಗೆ ಹಿಡಿಕೆ, ರಾತ್ರಿಗೆ ದೀಪ, ಕೂರಲು ಗಟ್ಟಿ ಮಣೆ ಬಂದವು. ಬಾಚಣಿಗೆ ಅವರ ಕೈಗೆ ಮರಳಿತು. ಒಣಗಿದ ಅಡಿಕೆಯ ಮೊರವನ್ನು ಮುಂದಿಟ್ಟರೆ ರಾಶಿ, ಬೆಟ್ಟೆ, ಗೊರಬಲುಗಳನ್ನು ಬೇರ್ಪಡಿಸುವುದರಲ್ಲಿ ಅತ್ತೆಯ ಬೆರಳಿಗೆ ಮನೆಯಲ್ಲಿ ಇಂದಿಗೂ ಸಾಟಿಯಿಲ್ಲ. ಮಾತು ತಾನಾಗಿ ಮರಳಿತು. ಅದರೊಡನೆ ಬೈಗುಳವೂ ಬಂತೆಂದು ಸೊಸೆ ನಗುತ್ತಾಳೆ.

ಈ ವಿಚಾರವನ್ನು ತಪ್ಪಾಗಿ ತಿಳಿಯಬಾರದು. ‘ತಾವೇ ಮಾಡಿಕೊಳ್ಳಲಿ’ ಎಂದು ಮುದುಕರನ್ನು ಮೂಲೆಗೆ ಬಿಡುವುದಕ್ಕೆ ಇದು ನೆಪವಲ್ಲ. ಶಕ್ತಿ ಪೂರ್ಣವಾಗಿ ಉಡುಗಿದ ದಿನ ನಮ್ಮ ಕೈಯೇ ಅವರ ಕೈಯಾಗಬೇಕು. ಆಗಲೂ ಯಾವ ಸೀರೆ, ಯಾವ ಮಗ್ಗುಲು ಎಂಬ ಆಯ್ಕೆಯನ್ನು ಅವರಿಗೇ ಉಳಿಸಬಹುದು. ಇನ್ನೊಂದು ಮಾತು: ನಮ್ಮ ಮನೆಗಳಲ್ಲಿ ಈ ಭಾರ ಬೀಳುವುದು ಬಹುಮಟ್ಟಿಗೆ ಸೊಸೆಯ ಹೆಗಲಿಗೆ. ಅವಳಿಗೂ ಕಲಿಸುವವರು ಬೇಕು, ಬಿಡುವು ಬೇಕು. ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಹೊಣೆಯಾಗಿಸಿ 2007ರಲ್ಲಿ ಕಾನೂನೇನೋ ಬಂದಿದೆ. ಕಾನೂನು ಜೀವನಾಂಶವನ್ನು ಗೊತ್ತುಮಾಡಬಲ್ಲುದು. ಬಾಚಣಿಗೆ ಯಾರ ಕೈಯಲ್ಲಿರಬೇಕೆಂಬುದನ್ನು ಅದು ಹೇಳಲಾರದು.

ಭಾಷೆಯ ವಿದ್ಯಾರ್ಥಿಯಾಗಿ ನನಗೆ ಕೌತುಕವೆನಿಸುವುದು ಇದು. ‘ಶುಶ್ರೂಷೆ’ ಎಂಬ ಸಂಸ್ಕೃತ ಪದಕ್ಕೆ ಉಪಚಾರವೆಂಬುದು ಆಮೇಲೆ ಬಂದ ಅರ್ಥ. ಅದರ ಮೂಲಾರ್ಥ ‘ಕೇಳಬೇಕೆಂಬ ಇಚ್ಛೆ’. ಓರೆಮ್ ಗ್ರಂಥ ಬರೆದು ಸ್ಥಾಪಿಸಿದ ತತ್ತ್ವದ ಬೀಜ ಆ ಧಾತುವಿನಲ್ಲಿಯೇ ಅಡಗಿದೆಯೇನೋ. ಹಿರಿಯರ ಬಳಿ ಕುಳಿತು ಅವರ ಮಾತನ್ನು ಕೇಳಿದ ಮೇಲೆ ಚಾಚಿದ ಕೈ ಮಾತ್ರವೇ ಅವರಿಗೆ ಅಭಯಹಸ್ತವಾದೀತು.